ಸ್ವಿಟ್ಜರ್ಲೆಂಡ್ ಪ್ರವಾಸ: ಅಡುಗೆಮನೆ ಇರುವ ಬಾಡಿಗೆ ಮನೆ ಆರಿಸುವುದು ಹೇಗೆ?

ಸ್ವಿಟ್ಜರ್ಲೆಂಡ್‌ನಲ್ಲಿ ಆರು ಜನ ದಿನಕ್ಕೆರಡು ಹೊತ್ತು ಹೋಟೆಲ್ಲಿನಲ್ಲಿ ಉಂಡರೆ ಜೇಬಿಗೆ ದೊಡ್ಡ ಕತ್ತರಿ. ಮಗುವಿಗೆ ರಾತ್ರಿ ಮೊಸರನ್ನವೇ ಬೇಕು, ಅಜ್ಜನಿಗೆ ಮೊಟ್ಟೆಯ ವಾಸನೆಯೂ ಆಗದು ಎಂದರೆ ದುಡ್ಡು ಕೊಟ್ಟರೂ ಕೆಲಸ ಕೆಡುತ್ತದೆ. ಅಡುಗೆಮನೆ ಇರುವ ಫ್ಲ್ಯಾಟ್ ಹಿಡಿದರೆ ಎರಡೂ ತಾಪತ್ರಯ ಕಡಿಮೆ. ಅಲ್ಲಿ ಇಂಥ ಮನೆಗೆ ‘ಫೆರಿಯನ್‌ವೋನುಂಗ್’ ಎನ್ನುತ್ತಾರೆ. ಹುಡುಕುವಾಗ ಈ ಹೆಸರು ಉಪಯೋಗಕ್ಕೆ ಬರುತ್ತದೆ. ಆದರೆ ಒಂದೂರಿನಲ್ಲಿ ನಾಲ್ಕು ರಾತ್ರಿಯಾದರೂ ಇರುವುದಾದರೆ ಮಾತ್ರ ಇದರ ಗೋಜಿಗೆ ಹೋಗಿ. ಎರಡು ರಾತ್ರಿಗೆ ಹೋಟೆಲ್ಲೇ ವಾಸಿ.

1. ಮೊದಲು ಜಾಗ, ಆಮೇಲೆ ಮನೆ

ಬಾಲ್ಕನಿಯಿಂದ ಹಿಮಪರ್ವತ ಕಾಣುವ ಫೋಟೊಗೆ ಮರುಳಾಗಬೇಡಿ. ಮ್ಯಾಪ್‌ನಲ್ಲಿ ಮೂರು ದೂರ ಅಳೆಯಿರಿ: ರೈಲು ನಿಲ್ದಾಣ, ಬಸ್ ನಿಲ್ದಾಣ, ಅಂಗಡಿ. ಉದಾಹರಣೆಗೆ, ಇಂಟರ್‌ಲಾಕನ್ ಎಂಬ ಪ್ರವಾಸಿ ಊರಿನ ಓಸ್ಟ್ (ಪೂರ್ವ) ನಿಲ್ದಾಣದ ಎದುರಿಗೇ ದೊಡ್ಡ ಕೋಪ್ ಸೂಪರ್‌ಮಾರ್ಕೆಟ್ ಇದೆ, ವೆಸ್ಟ್ ನಿಲ್ದಾಣದ ಹತ್ತಿರ ಮಿಗ್ರೋಸ್ ಎಂಬ ಇನ್ನೊಂದು ಸೂಪರ್‌ಮಾರ್ಕೆಟ್ ಇದೆ. ವೆಂಗನ್ ಬಲು ಚಂದದ ಊರು, ಆದರೆ ಅಲ್ಲಿಗೆ ಕಾರು ಹೋಗುವುದಿಲ್ಲ. ಸೂಟ್‌ಕೇಸುಗಳನ್ನೆಲ್ಲ ಕೆಳಗಿನ ಲೌಟರ್‌ಬ್ರುನ್ನನ್ ಊರಿನಿಂದ ಗುಡ್ಡ ಹತ್ತುವ ಹಲ್ಲುಹಳಿಯ ರೈಲಿಗೆ ಏರಿಸಬೇಕು. ವಯಸ್ಸಾದವರು ಜೊತೆಗಿದ್ದರೆ ನನ್ನ ಮತ ಇಂಟರ್‌ಲಾಕನ್‌ಗೆ. ಭಾನುವಾರ ಆ ದೇಶದಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ತೆರೆದಿರುವುದು ದೊಡ್ಡ ನಿಲ್ದಾಣಗಳು ಮತ್ತು ಕೆಲವು ಪ್ರವಾಸಿ ಊರುಗಳಲ್ಲಿ. ಶನಿವಾರವೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಿ.

2. ಕೋಣೆಗಳ ಲೆಕ್ಕ

‘ಮೂರೂವರೆ ಕೋಣೆ’ ಎಂದು ಬರೆದಿದ್ದರೆ ಮೂರು ಬೆಡ್‌ರೂಮ್ ಎಂದುಕೊಳ್ಳಬೇಡಿ. ಹಾಲ್ ಕೂಡ ಆ ಲೆಕ್ಕದಲ್ಲೇ ಸೇರಿರುತ್ತದೆ. ಸಾಮಾನ್ಯವಾಗಿ ಸಿಗುವುದು ಎರಡು ಬೆಡ್‌ರೂಮ್. ‘ಆರು ಜನರಿಗೆ’ ಎಂದಿದ್ದರೆ ಅದರಲ್ಲಿ ಇಬ್ಬರು ಹಾಲಿನ ಸೋಫಾ ಕಮ್ ಬೆಡ್‌ ಮೇಲೆ ಮಲಗುವವರಿರಬಹುದು. ಲಿಫ್ಟ್ ಇದೆಯೇ, ಎಷ್ಟು ಮೆಟ್ಟಿಲು ಎಂದು ಕೇಳಿ. ಹಳೆಯ ಮರದ ಮನೆಗಳ ಅಟ್ಟದಲ್ಲಿ ಇಳಿಜಾರು ಸೂರು ಎತ್ತರದವರ ತಲೆಗೆ ಬಡಿಯುತ್ತದೆ.

3. ಒಲೆ ಯಾವುದು?

ಅಡುಗೆಮನೆ ಇದೆ ಎಂದರೆ ಸಾಲದು. ಗಾಜಿನ ಮೇಲ್ಮೈಯ ಕರೆಂಟ್ ಒಲೆಯೂ ಇಂಡಕ್ಷನ್ ಒಲೆಯೂ ಫೋಟೊದಲ್ಲಿ ಒಂದೇ ಥರ ಕಾಣುತ್ತವೆ. ಮೊದಲನೆಯದರ ಮೇಲೆ ತಳ ಸಮತಟ್ಟಾಗಿರುವ ಯಾವ ಪಾತ್ರೆಯೂ ನಡೆಯುತ್ತದೆ. ಇಂಡಕ್ಷನ್ ಮೇಲೆ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಇಟ್ಟರೆ ಒಲೆ ಹೊತ್ತುವುದೇ ಇಲ್ಲ. ಫ್ರಿಜ್‌ ಬಾಗಿಲಿನ ಮ್ಯಾಗ್ನೆಟ್ ತೆಗೆದು ನಿಮ್ಮ ಕುಕ್ಕರ್‌ ತಳಕ್ಕೆ ಹಿಡಿಯಿರಿ. ಗಟ್ಟಿಯಾಗಿ ಅಂಟಿಕೊಂಡರೆ ಧಾರಾಳವಾಗಿ ಒಯ್ಯಿರಿ. ಒಲೆ ಯಾವ ಬಗೆಯದು, ದೊಡ್ಡ ಪಾತ್ರೆ ಎಷ್ಟಿವೆ, ಹೊಗೆ ಎಳೆಯುವ ಚಿಮಣಿ ಇದೆಯೇ ಎಂದು ಮಾಲೀಕರಿಗೆ ಮೆಸೇಜ್ ಹಾಕಿ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಹೊಗೆ ಅಲಾರಂ ಕಿರುಚಿದರೆ ಇಡೀ ಕಟ್ಟಡ ಎದ್ದು ನಿಲ್ಲುತ್ತದೆ.

ಮಿಕ್ಸಿ ಹೊರಬೇಡಿ. ವೋಲ್ಟೇಜ್ ನಮ್ಮಂತೆಯೇ 230, ಆದರೆ ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ. ‘ಯುರೋಪ್ ಅಡಾಪ್ಟರ್’ ಎಂದು ಮಾರುವ ಗುಂಡನೆಯ ದಪ್ಪ ಪ್ಲಗ್ ಕೂಡ ಎಷ್ಟೋ ಸಲ ಹಿಡಿಸುವುದಿಲ್ಲ. ಸ್ವಿಸ್ ಅಡಾಪ್ಟರ್ ಎಂದೇ ಕೇಳಿ ಕೊಳ್ಳಿ.

ಸಾಂಬಾರ್ ಪುಡಿ, ಸಾರಿನ ಪುಡಿ, ಅವಲಕ್ಕಿ, ಹುರಿದ ರವೆ ಒಯ್ದರೆ ಅರ್ಧ ಚಿಂತೆ ಮುಗಿಯಿತು. ತುಪ್ಪ, ಪೇಡಾದಂಥ ಹಾಲಿನ ಪದಾರ್ಥಗಳನ್ನು ಭಾರತದಿಂದ ಅಲ್ಲಿಗೆ ಒಯ್ಯುವಂತಿಲ್ಲ, ಹಸಿ ಕರಿಬೇವನ್ನೂ ಅಷ್ಟೆ. ಒಣ ಕೊಬ್ಬರಿಯನ್ನು ವಿಮಾನದ ಚೆಕ್-ಇನ್ ಲಗೇಜಿಗೇ ಬಿಡುವುದಿಲ್ಲ, ಬೆಂಕಿಯ ಭಯ. ತುಪ್ಪ ಬೇಕೇ ಬೇಕಾದರೆ ಅಲ್ಲಿನ ಬೆಣ್ಣೆ ಕೊಂಡು ಕಾಯಿಸಿ, ಘಮ ಚೆನ್ನಾಗಿಯೇ ಬರುತ್ತದೆ. ಸಸ್ಯಾಹಾರಿಗಳು ಪೊಟ್ಟಣದ ಮೇಲೆ ಹಳದಿ-ಹಸಿರು ‘ವಿ’ ಗುರುತು ನೋಡಿ ಕೊಳ್ಳಬಹುದು, ಆದರೆ ಅದರಲ್ಲಿ ಮೊಟ್ಟೆ ಇರಬಹುದು, ಪಟ್ಟಿ ಓದಿಕೊಳ್ಳಿ.

4. ಒಟ್ಟು ಬಾಡಿಗೆ ಎಷ್ಟು?

ರಾತ್ರಿಯ ಬಾಡಿಗೆ ಜೊತೆಗೆ ಕೊನೆಯ ದಿನದ ಕ್ಲೀನಿಂಗ್ ಚಾರ್ಜು ಸೇರುತ್ತದೆ. ತಲೆಗಿಷ್ಟು ರಾತ್ರಿಗಿಷ್ಟು ಎಂದು ‘ಕುರ್‌ಟಾಕ್ಸ್’ ಎಂಬ ಪ್ರವಾಸಿ ತೆರಿಗೆ ಬೇರೆ. ಕೆಲವರು ಹಾಸಿಗೆ ಬಟ್ಟೆ, ಟವೆಲ್ಲಿಗೂ ದುಡ್ಡು ಕೇಳುತ್ತಾರೆ. ಎಲ್ಲ ಕೂಡಿಸಿ ರಾತ್ರಿಗಳಿಂದ ಭಾಗಿಸಿ, ಆಮೇಲೆ ಹೋಟೆಲ್ಲಿನ ಜೊತೆ ಹೋಲಿಸಿ. ತೆರಿಗೆ ಕಟ್ಟಿದ್ದಕ್ಕೆ ಸಿಗುವ ಗೆಸ್ಟ್ ಕಾರ್ಡ್ ಕೇಳಿ ಪಡೆಯಿರಿ. ಇಂಟರ್‌ಲಾಕನ್ ಸುತ್ತಮುತ್ತ ಅದನ್ನು ತೋರಿಸಿ ಬಸ್ಸಿನಲ್ಲಿ ಪುಕ್ಕಟೆ ಓಡಾಡಬಹುದು.

5. ಬುಕಿಂಗ್

ಷೆಂಗನ್ ವೀಸಾ (ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಗೆ ವಾಸ್ತವ್ಯದ ಪುರಾವೆ ಬೇಕು. ಆದ್ದರಿಂದ ಉಚಿತವಾಗಿ ರದ್ದುಮಾಡಬಹುದಾದ ಬುಕಿಂಗನ್ನೇ ಮಾಡಿ, ಅದರಲ್ಲಿ ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ‘ವೆಬ್‌ಸೈಟ್ ಬೇಡ, ನೇರ ಬ್ಯಾಂಕಿಗೆ ಹಾಕಿ, ಕಡಿಮೆ ಮಾಡಿಕೊಡುತ್ತೇನೆ’ ಎನ್ನುವವರ ಸಹವಾಸ ಬೇಡ.

ಹಣ ಕಟ್ಟುವ ಮುನ್ನ ಮಾಲೀಕರಿಗೆ ಇನ್ನಷ್ಟು ಪ್ರಶ್ನೆ ಕಳಿಸಿ. ಬೆಳಗ್ಗೆಯೇ ಬಂದರೆ ಲಗೇಜ್ ಇಡಲು ಜಾಗವಿದೆಯೇ? ವಾಷಿಂಗ್ ಮಷೀನ್ ಮನೆಯೊಳಗಿದೆಯೇ, ನೆಲಮಾಳಿಗೆಯಲ್ಲಿ ಎಲ್ಲರೂ ಸರದಿಯ ಮೇಲೆ ಬಳಸುವಂಥದೇ? ಕಸ ಹಾಕಲು ಶುಲ್ಕ ಕಟ್ಟಿದ ವಿಶೇಷ ಚೀಲವೇ ಬೇಕೇ, ಅದನ್ನು ಅವರೇ ಕೊಡುತ್ತಾರೆಯೇ?