ಡೊಂಬಿವಲಿಯ ಫ್ಲಾಟು, ಊರಿನ ಗದ್ದೆ: ಉಯಿಲು ಬರೆಯುವುದು ಹೇಗೆ?

‘ಸೊಸೈಟಿಯಲ್ಲಿ ಮಗನನ್ನು ನಾಮಿನಿ ಮಾಡಿದ್ದೇನೆ, ಇನ್ನು ಉಯಿಲು ಯಾಕೆ?’ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಈ ಮಾತು ಬಹಳ ಕೇಳಿಬರುತ್ತದೆ. ಒಡಹುಟ್ಟಿದವರು ಕೋರ್ಟು ಹತ್ತುವುದಕ್ಕೂ ಎಷ್ಟೋ ಸಲ ಇದೇ ಮೂಲ. ನಾಮಿನಿ ಒಡೆಯನಲ್ಲ. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 2019ರ ತಿದ್ದುಪಡಿಯಂತೆ ಅವನಿಗೆ ಸಿಗುವುದು ತಾತ್ಕಾಲಿಕ ಸದಸ್ಯತ್ವ ಮಾತ್ರ. ಫ್ಲಾಟು ಯಾರಿಗೆ ಎಂಬುದು ಉಯಿಲಿನಿಂದ, ಅದಿಲ್ಲದಿದ್ದರೆ ವಾರಸಾ ಕಾನೂನಿನಿಂದ ತೀರ್ಮಾನವಾಗುತ್ತದೆ. ಷೇರುಗಳ ನಾಮಿನಿಯ ಬಗ್ಗೆಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ ಇದೇ ರೀತಿ ತೀರ್ಪು ಕೊಟ್ಟಿದೆ.

ಮೊದಲು ಆಸ್ತಿಯ ಪಟ್ಟಿ ಮಾಡಿ. ಫ್ಲಾಟಿಗೆ ಸೊಸೈಟಿ ಕೊಟ್ಟ ಶೇರ್ ಸರ್ಟಿಫಿಕೇಟಿನ ಸಂಖ್ಯೆ ಬರೆಯಿರಿ. ಜಮೀನಿಗೆ ಪಹಣಿಯಲ್ಲಿರುವಂತೆಯೇ ಗ್ರಾಮ, ಸರ್ವೇ ನಂಬರ್, ಹಿಸ್ಸಾ, ವಿಸ್ತೀರ್ಣ. ‘ಊರಿನ ಗದ್ದೆ’ ಎಂದಷ್ಟೇ ಬರೆದು, ಅಲ್ಲಿ ಎರಡು ಗದ್ದೆಗಳಿದ್ದರೆ ಜಗಳ ಖಚಿತ. ಹೆಂಡತಿಯ ಜೊತೆ ಜಂಟಿಯಾಗಿ ಕೊಂಡ ಫ್ಲಾಟಿನಲ್ಲಿ ನಿಮ್ಮ ಪಾಲನ್ನಷ್ಟೇ ನೀವು ಬರೆದುಕೊಡಬಹುದು. ಕೂಡುಕುಟುಂಬದ ಆಸ್ತಿಗೂ ಇದೇ ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲಿದೆ, ಅದನ್ನು ಅಪ್ಪನ ಉಯಿಲು ಕಿತ್ತುಕೊಳ್ಳಲಾರದು. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಸಾಗುವ ಕುಟುಂಬದ ಆಸ್ತಿಯಲ್ಲಿಯೂ ತಮ್ಮ ಪಾಲಿಗೆ ಉಯಿಲು ಬರೆಯಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಅವಕಾಶವಿದೆ.

ಹೆಂಡತಿಯ ವಿಷಯವನ್ನು ಬಿಡಿಸಿ ಬರೆಯಿರಿ. ಕೊಡುವುದು ಜೀವಮಾನದ ವಾಸದ ಹಕ್ಕೋ, ಮಾರುವ ಹಕ್ಕೂ ಸೇರಿದ ಪೂರ್ತಿ ಒಡೆತನವೋ? ‘ಅವಳ ನಂತರ ಮಕ್ಕಳಿಗೆ’ ಎಂದಷ್ಟೇ ಬರೆದರೆ ಎರಡೂ ಅರ್ಥ ಹುಟ್ಟುತ್ತದೆ, ವಯಸ್ಸಾದ ಆಕೆಯೇ ಕಷ್ಟಕ್ಕೆ ಸಿಕ್ಕುತ್ತಾಳೆ. ಪಟ್ಟಿಯಲ್ಲಿ ಬಿಟ್ಟುಹೋದದ್ದು, ಮುಂದೆ ಸಂಪಾದಿಸುವುದು ಯಾರಿಗೆ ಎಂದು ಕೊನೆಗೊಂದು ಸಾಲು ಇರಲಿ. ಎಕ್ಸಿಕ್ಯೂಟರ್, ಅಂದರೆ ಉಯಿಲನ್ನು ಜಾರಿಗೆ ತರುವವರ ಹೆಸರನ್ನೂ ಹಾಕಿ. ಉಯಿಲಿನಲ್ಲಿ ನೇಮಕಗೊಂಡ ಎಕ್ಸಿಕ್ಯೂಟರಿಗೆ ಮಾತ್ರ ಕೋರ್ಟು ಪ್ರೊಬೇಟ್, ಅಂದರೆ ಉಯಿಲನ್ನು ದೃಢೀಕರಿಸಿದ ಪತ್ರ ಕೊಡುತ್ತದೆ.

ಉಯಿಲಿಗೆ ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು; ಕನ್ನಡದಲ್ಲೇ ಬರೆಯಬಹುದು. ಎಲ್ಲವೂ ನಿಂತಿರುವುದು ಸಹಿಯ ಮೇಲೆ. ಇಬ್ಬರು ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಿಕೊಳ್ಳಿ. ಅವರು ನೋಡುತ್ತಿರುವಾಗ ಪ್ರತಿ ಪುಟಕ್ಕೂ ಸಹಿ ಹಾಕಿ, ಆಮೇಲೆ ನಿಮ್ಮೆದುರೇ ಅವರು ಸಹಿ ಹಾಕಲಿ. ಒಳಗೇನಿದೆ ಎಂದು ಅವರು ಓದಬೇಕಾಗಿಲ್ಲ. ಸಹಿ ಹಾಕಿದ ಹಾಳೆಯನ್ನು ಅವರ ಮನೆಗೆ ಕಳಿಸಿ ಸಹಿ ತರಿಸಿಕೊಳ್ಳುವ ಅಭ್ಯಾಸವಿದೆ. ಉಯಿಲು ಬಿದ್ದುಹೋಗಲು ಅಷ್ಟೇ ಸಾಕು. ಉಯಿಲನ್ನು ಕೋರ್ಟಿನಲ್ಲಿ ರುಜುವಾತು ಮಾಡಲು, ಸಾಕ್ಷಿಗಳು ಬದುಕಿದ್ದರೆ, ಒಬ್ಬರಾದರೂ ಬಂದು ಹೇಳಬೇಕು. ಆದ್ದರಿಂದ ನಿಮಗಿಂತ ಕಿರಿಯರನ್ನು, ಆಸ್ತಿಯಲ್ಲಿ ಪಾಲಿಲ್ಲದವರನ್ನು ಆರಿಸಿ. ಕಾಯಿಲೆಯಲ್ಲಿದ್ದರೆ ಬುದ್ಧಿ ಸ್ವಾಧೀನದಲ್ಲಿದೆ ಎಂದು ಅದೇ ದಿನ ವೈದ್ಯರಿಂದ ಬರೆಸಿಕೊಳ್ಳಿ. ಆಮೇಲೆ ಪೆನ್ನಿನಿಂದ ತಿದ್ದಿದ ಸಾಲಿಗೆ ನೀವೂ ಸಾಕ್ಷಿಗಳೂ ಸಹಿ ಹಾಕದಿದ್ದರೆ ಬೆಲೆಯಿಲ್ಲ.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದೇ ಲೇಸು. ನೋಂದಾಯಿಸಿದ ಮೇಲೂ ಮನಸ್ಸು ಬದಲಿಸಬಹುದು. ಕಟ್ಟಕಡೆಯ ಉಯಿಲೇ ನಿಲ್ಲುತ್ತದೆ.

ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ, ಉಯಿಲಿಗೆ ಬದಲಿಯಲ್ಲ. ಕೊಟ್ಟವರು ತೀರಿಕೊಂಡ ಕ್ಷಣವೇ ಅದೂ ಮುಗಿಯುತ್ತದೆ. ಬುದ್ಧಿ ಸ್ವಾಧೀನ ತಪ್ಪಿದರೂ ಅಷ್ಟೇ. 1872ರ ಕರಾರು ಕಾಯ್ದೆ ಹೇಳುವುದು ಇದನ್ನೇ. ಮರೆವಿನ ಕಾಯಿಲೆಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಆಸರೆಯಾಗುತ್ತದೆಂದು ನಂಬಿಕೊಂಡವರು ಇದನ್ನು ಗಮನಿಸಬೇಕು. ಊರಿನ ಜಮೀನಿನ ಪತ್ರ ನೋಂದಾಯಿಸಲು ತಮ್ಮನನ್ನು ಕಳಿಸುವುದಾದರೆ ಬರೀ ನೋಟರಿ ಮುದ್ರೆ ಸಾಲದು. ನೀವು ವಾಸವಿರುವ ಪ್ರದೇಶದ ಸಬ್ ರಿಜಿಸ್ಟ್ರಾರ್ ಎದುರೇ ಸಹಿ ಹಾಕಿ ದೃಢೀಕರಿಸಿಕೊಳ್ಳಬೇಕು. ಓಡಾಡಲಾಗದಷ್ಟು ಅಶಕ್ತರಿಗೆ ಖುದ್ದು ಹಾಜರಾತಿಯಿಂದ ವಿನಾಯಿತಿ ಇದೆ. ಯಾವ ಸರ್ವೇ ನಂಬರ್, ಯಾವ ಕೆಲಸ ಎಂದು ಹೆಸರಿಸಿ ಬರೆಯಿರಿ. ‘ಸಕಲ ಅಧಿಕಾರ’ ಕೊಡುವುದು ಅಪಾಯ.

ಅಸಲು ಉಯಿಲನ್ನು ನಿಮ್ಮೊಬ್ಬರ ಹೆಸರಿನ ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ನಿಮ್ಮ ನಂತರ ಲಾಕರ್ ತೆರೆಸುವುದೇ ಮನೆಯವರಿಗೆ ದೊಡ್ಡ ಕೆಲಸವಾಗುತ್ತದೆ. ಮನೆಯ ಕಪಾಟಿನಲ್ಲಿಟ್ಟು, ಎಲ್ಲಿದೆಯೆಂದು ಎಕ್ಸಿಕ್ಯೂಟರಿಗೆ ಈಗಲೇ ತಿಳಿಸಿ.