ಲೆಮ್ಮಿಗೆ ಯಾವ ಆ್ಯಪ್? ಕೊಲ್ಹಾರದ ಸೇತುವೆ ದಾಟುತ್ತ ನೋಡಿ

ಲೆಮ್ಮಿ ಎಂದರೆ ಒಬ್ಬನೇ ಯಜಮಾನನಿಲ್ಲದ ಹರಟೆ ಕಟ್ಟೆ. ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಆ್ಯಕ್ಟಿವಿಟಿಪಬ್ ಎಂಬ ನಿಯಮದ ಮೂಲಕ ಒಂದಕ್ಕೊಂದು ಮಾತಾಡಿಕೊಳ್ಳುತ್ತವೆ. 2023ರಲ್ಲಿ ಒಂದೇ ಕಂಪನಿಯ ಹರಟೆ ತಾಣವಾದ ರೆಡಿಟ್, ಹೊರಗಿನ ಆ್ಯಪ್‌ಗಳು ತನ್ನ ಮಾಹಿತಿ ಪಡೆಯುವ ದಾರಿಗೆ (ಎಪಿಐ) ದರ ಕಟ್ಟಿದಾಗ, ರೆಡಿಟ್ ಓದಲು ಬಳಸುತ್ತಿದ್ದ ಅಪೊಲೊದಂಥ ಆ್ಯಪ್‌ಗಳು ಜೂನ್ 30ಕ್ಕೆ ಬಾಗಿಲು ಹಾಕಿದವು. ಒಂದಷ್ಟು ಜನ ಇತ್ತ ಬಂದರು, ಬೆನ್ನಿಗೇ ಆ್ಯಪ್‌ಗಳ ಸಂತೆ ನೆರೆಯಿತು.

‘ಯಾವ್ದ ಹಾಕ್ಕೊಳ್ಳಲಿ, ಮಾಮಾ?’ ಎಂದ ವಿಜಯಪುರದ ನನ್ನ ಅಳಿಯ. ‘ಜೆರ್ಬೋವಾ, ವೋಯೇಜರ್, ಥಂಡರ್, ಮೂರೂ ಹಾಕ್ಕೋ’ ಎಂದೆ. ಖಾತೆ ಇರುವುದು ಸರ್ವರ್‌ನಲ್ಲಿ. ಆ್ಯಪ್ ಎಟಿಎಂ ಇದ್ದಂತೆ, ಬದಲಿಸಿದರೆ ಕಳೆದುಕೊಳ್ಳುವುದೇನಿಲ್ಲ.

ಮೊದಲು ಖಾತೆ ಇಲ್ಲದೆ ಸುತ್ತಾಡಿ. ವೋಯೇಜರ್ ಆ್ಯಪ್ ನಿಮ್ಮ ಬ್ರೌಸರ್‌ನಲ್ಲೇ ತೆರೆಯುತ್ತದೆ, ಇನ್‌ಸ್ಟಾಲ್ ಕೂಡ ಬೇಡ.

ಹಿಡಿಸಿದರೆ ಆ್ಯಪ್ ಇಳಿಸಿಕೊಳ್ಳಿ. ಆಂಡ್ರಾಯ್ಡ್‌ಗೆ ಲೆಮ್ಮಿ ಕಟ್ಟಿದವರದೇ ಜೆರ್ಬೋವಾ ಇದೆ. ವೋಯೇಜರ್, ಥಂಡರ್ ಐಫೋನ್‌ಗೂ ಸಿಗುತ್ತವೆ. ಮೂರೂ ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಬಹುದು. ಬೂಸ್ಟ್ ಎಂಬ ಆ್ಯಪ್ ನುಣುಪಾಗಿದೆ, ಆದರೆ ಉಚಿತ ಆವೃತ್ತಿಯಲ್ಲಿ ಜಾಹೀರಾತು, ಕೋಡ್ ಮುಚ್ಚಿಟ್ಟಿದ್ದು. ಪಾಸ್‌ವರ್ಡನ್ನು ನೇರ ಆ್ಯಪ್‌ಗೇ ಕೊಡಬೇಕಾದ್ದರಿಂದ ನನಗೆ ತೆರೆದ ಕೋಡೇ ವಾಸಿ.

ಈಗ ಒಂದು ಸರ್ವರ್‌ನಲ್ಲಿ ಖಾತೆ ತೆರೆದು, ಅದೇ ಹೆಸರಿನಿಂದ ಮೂರರಲ್ಲೂ ಲಾಗಿನ್ ಆಗಿ. ಇಲ್ಲೇ ನಾನು ಎಡವಿದ್ದು. ಭಾಷಾ ಅಭಿಮಾನಕ್ಕೆ ಖಾತೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಒಂದನ್ನೇ ಆರಿಸಿದೆ, ಪುಟ ಖಾಲಿ! ಎರಡು ದಿನ ಆ್ಯಪ್‌ಗಳನ್ನೇ ಬೈದೆ. ಹೆಚ್ಚಿನವರು ಪೋಸ್ಟ್‌ಗೆ ಭಾಷೆ ನಮೂದಿಸುವುದೇ ಇಲ್ಲ. ‘ಅನ್‌ಡಿಟರ್ಮಿನ್ಡ್’ ಎಂಬುದನ್ನೂ ಆರಿಸಿದ ಮೇಲೆ ಎಲ್ಲ ಬಂತು.

ಕಡೆಗೆ ಪರೀಕ್ಷೆ. ಅಕ್ಷರ ದೊಡ್ಡದು ಮಾಡಿ, ಕನ್ನಡದ ಶೀರ್ಷಿಕೆಯೊಂದನ್ನು ನೋಡಿ: ಒತ್ತಕ್ಷರದ ಬಾಲ ಕತ್ತರಿಸಿದೆಯೇ? ನೂರು ಕಮೆಂಟಿನ ಚರ್ಚೆ ತೆರೆದು, ಬೇಡದ ಎಳೆಯನ್ನು ಒಂದೇ ಒತ್ತಿಗೆ ಮಡಚಬಹುದೇ? ಆಮೇಲೆ ಬಾಗಲಕೋಟೆ ಬಸ್ ಹತ್ತಿ. ಕೊಲ್ಹಾರದ ಬಳಿ ಕೃಷ್ಣೆಯ ಸೇತುವೆ ಬಂತೆಂದರೆ ನನ್ನ ಮೊಬೈಲಿನ ಸಿಗ್ನಲ್ ಕುಂಟುತ್ತದೆ. ದೊಡ್ಡ ಚಿತ್ರ ಎಳೆಯುವ ನೋಟ ಅಲ್ಲೇ ಗಿರಗಿರ ಸುತ್ತುತ್ತದೆ. ಜೆರ್ಬೋವಾದಲ್ಲಿ ‘ಲಿಸ್ಟ್’, ವೋಯೇಜರ್‌ನಲ್ಲಿ ‘ಕಾಂಪ್ಯಾಕ್ಟ್’ ನೋಟ ಇಟ್ಟರೆ ಚಿತ್ರ ಚಿಕ್ಕದಾಗಿ, ಅಕ್ಷರ ಬೇಗ ಬರುತ್ತದೆ. ಇಷ್ಟರಲ್ಲಿ ಗಡಿಗೆ ಮೊಸರು ಮಾರುವವರು ಕಂಡರೆ ಫೋನ್ ಕಿಸೆಗಿಡಿ.

ಅಳಿಯ ಜೆರ್ಬೋವಾ ಇಟ್ಟುಕೊಂಡ, ನಾನು ವೋಯೇಜರ್. ಬೇಡವಾದದ್ದನ್ನು ಅಳಿಸುವ ಮುನ್ನ ಅದರಿಂದ ಲಾಗ್‌ಔಟ್ ಆಗಿ.