ಡ್ರಾಫ್ಟ್‌ಗೆ ಮುಂಚೆ ಬ್ರನ್ಸನ್‌ನನ್ನು ಅಳೆದದ್ದು

2018ರ ಏಪ್ರಿಲ್, ಮೇ ತಿಂಗಳು. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಊಟ ಮುಗಿದು, ಮಕ್ಕಳು ಮಲಗಿದ ಮೇಲೆ ನಾನು ವಿಲನೋವಾ ಕಾಲೇಜಿನ ಮ್ಯಾಚ್ ಹಾಕಿಕೊಂಡು ಕೂರುತ್ತಿದ್ದೆ. ಆಗ ಒಂದು ಸಣ್ಣ ಸ್ಕೌಟಿಂಗ್ ಸೇವೆಗೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟಗಾರರ ವರದಿ ಬರೆದುಕೊಡುತ್ತಿದ್ದೆ. ಆ ಸಲ ನನ್ನ ಪಾಲಿಗೆ ಬಂದವನು ಜೇಲನ್ ಬ್ರನ್ಸನ್. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಜೂನ್ 21ಕ್ಕೆ ಇತ್ತು. ಎರಡು ಸುತ್ತು, ಆ ವರ್ಷ ಒಟ್ಟು 60 ಜನ ಆಯ್ಕೆ ಆದರು. ಮೊದಲ ಸುತ್ತಿನಲ್ಲಿ ಹೋದವನಿಗೆ ಸಂಬಳದ ಖಾತ್ರಿ ಇರುತ್ತದೆ. ಎರಡನೇ ಸುತ್ತಿನವನಿಗೆ ಆ ಭರವಸೆ ಇಲ್ಲ. ಹಾಗಾಗಿ ನಾವು ಬರೆಯುವ ಒಂದೊಂದು ಸಾಲಿಗೂ ತೂಕ ಇದೆ ಅಂತಲೇ ನಂಬಿ ಬರೆಯುತ್ತಿದ್ದೆ.

ಅಂಕಿಗಳಲ್ಲಿ ಅವನದು ಹೆಸರಿಡೋಕೆ ಆಗದ ಆಟ. ಮ್ಯಾಚಿಗೆ 18.9 ಪಾಯಿಂಟ್, 4.6 ಅಸಿಸ್ಟ್ (ಜೊತೆಯವನು ಪಾಯಿಂಟ್ ಮಾಡುವಂತೆ ಕೊಟ್ಟ ಪಾಸ್), ದೂರದ ಗೆರೆಯಾಚೆಯಿಂದ ಹೊಡೆಯುವ ತ್ರೀ ಪಾಯಿಂಟ್‌ನಲ್ಲಿ 40.8%. ಮೂರು ವರ್ಷದಲ್ಲಿ ಎರಡು ಸಲ ಚಾಂಪಿಯನ್ ತಂಡದಲ್ಲಿದ್ದ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ನೈಸ್ಮಿತ್ ಪ್ರಶಸ್ತಿಯೂ ಆ ಸಲ ಅವನದೇ. ಆದರೆ ಎತ್ತರ ಆರಡಿ ಎರಡಿಂಚಿನ ಆಸುಪಾಸು. ಜಿಗಿತ ಸಾಧಾರಣ, ವೇಗವೂ ಸಾಧಾರಣ. ಎನ್‌ಬಿಎಯಲ್ಲಿ ಆ ಎತ್ತರ ಗಿಡ್ಡವೇ.

ನಾನು ಒಂದೊಂದು ಮ್ಯಾಚನ್ನೂ ಮೂರು ಸಲ ನೋಡುತ್ತೇನೆ. ಮೊದಲ ಸಲ ಪೆನ್ನು ಮುಟ್ಟುವುದಿಲ್ಲ, ಸುಮ್ನೆ ನೋಡುತ್ತೇನೆ. ಎರಡನೇ ಸಲ ಅವನ ಕೈಯಲ್ಲಿ ಚೆಂಡು ಇದ್ದಾಗಿನದು. ಮೂರನೇ ಸಲ ಅವನ ಕೈಯಲ್ಲಿ ಚೆಂಡು ಇಲ್ಲದಾಗ ಏನು ಮಾಡುತ್ತಾನೆ ಅನ್ನುವುದು. ದುರ್ಬಲ ತಂಡಗಳ ಎದುರಿನ ಮ್ಯಾಚ್‌ಗಳನ್ನು ಪಕ್ಕಕ್ಕಿಡುತ್ತೇನೆ. ಮೂವತ್ತು ಪಾಯಿಂಟ್ ಅಂತರದಲ್ಲಿ ಗೆದ್ದ ಆಟದಲ್ಲಿ ಯಾರ ಕೊರತೆಯೂ ಕಾಣುವುದಿಲ್ಲ.

ತ್ರೀ ಪಾಯಿಂಟ್ ಲೆಕ್ಕವನ್ನೂ ಹಾಗೇ ನಂಬಬಾರದು. ಆಗ ಕಾಲೇಜಿನ ಗೆರೆ 6.32 ಮೀಟರ್ ದೂರ, ಎನ್‌ಬಿಎಯದು 7.24 ಮೀಟರ್. ಅದಕ್ಕೇ ಎದುರಿನವರು ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋ ಕಡೆ ನೋಡುತ್ತೇನೆ. ಯಾರೂ ಅಡ್ಡ ಇಲ್ಲದಾಗ ಕೈ ಎಷ್ಟು ಸರಿಯಾಗಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಬ್ರನ್ಸನ್ 80% ಹೊಡೆಯುತ್ತಿದ್ದ. ಶೂಟಿಂಗ್ ಬಗ್ಗೆ ಚಿಂತೆ ಬಿಟ್ಟೆ.

ನಾನು ಜಾಸ್ತಿ ಹೊತ್ತು ಕೂತದ್ದು ಮಾರ್ಚ್‌ನಲ್ಲಿ ಬೋಸ್ಟನ್‌ನಲ್ಲಿ ನಡೆದ ವೆಸ್ಟ್ ವರ್ಜೀನಿಯಾ ಮ್ಯಾಚ್ ಮುಂದೆ. ಆ ತಂಡ ಆಗ ಅಂಗಳದ ಉದ್ದಕ್ಕೂ ಮೈಮೇಲೆ ಬಿದ್ದು ಆಡುತ್ತಿತ್ತು. ಬ್ರನ್ಸನ್ ಎದುರಿಗೆ ಜೆವನ್ ಕಾರ್ಟರ್, ಆ ವರ್ಷ ದೇಶದ ಅತ್ಯುತ್ತಮ ಡಿಫೆಂಡರ್ ಅಂತ ಪ್ರಶಸ್ತಿ ಪಡೆದವನು. ಬ್ರನ್ಸನ್ 27 ಪಾಯಿಂಟ್ ಮಾಡಿದ, ವಿಲನೋವಾ 90-78ರಲ್ಲಿ ಗೆದ್ದಿತು.

ಹೇಗೆ ಮಾಡಿದ ಅಂತ ನಿಧಾನಗತಿಯಲ್ಲಿ ನೋಡಿದೆ. ಚೆಂಡು ಬಿಟ್ಟು ಬರೀ ಕಾಲು ನೋಡಿದೆ. ಈ ಹುಡುಗ ಡಿಫೆಂಡರ್‌ನನ್ನು ಓಡಿ ಹಿಂದೆ ಹಾಕುವುದೇ ಇಲ್ಲ. ಒಳಗೆ ನುಗ್ಗುವಾಗ ಬೇಕಂತಲೇ ವೇಗ ಇಳಿಸುತ್ತಾನೆ. ಡಿಫೆಂಡರ್ ಸೊಂಟಕ್ಕೆ ಅಂಟಿಕೊಳ್ಳುವ ತನಕ ಬಿಡುತ್ತಾನೆ. ಆಮೇಲೆ ಭುಜ ಕೊಟ್ಟು, ಎರಡೂ ಕಾಲು ಒಟ್ಟಿಗೆ ಊರಿ ಗಕ್ಕನೆ ನಿಲ್ಲುತ್ತಾನೆ. ಎದುರಿನವನ ಮೈ ಇನ್ನೂ ಮುಂದಕ್ಕೇ ಹೋಗುತ್ತಿರುತ್ತದೆ. ಇವನು ಒಂದು ಕಾಲಿನ ಮೇಲೆ ತಿರುಗಿ, ತಲೆ ಎತ್ತಿ ಚೆಂಡನ್ನು ಬುಟ್ಟಿಗೆ ಹೊಡೆಯುವಂತೆ ತೋರಿಸುತ್ತಾನೆ. ಎದುರಿನವನು ಹಾರುತ್ತಾನೆ. ಅವನು ಕೆಳಗೆ ಇಳಿಯುವಾಗ ಇವನು ಎಡಗೈಯಲ್ಲಿ ಹೊಡೆಯುತ್ತಾನೆ. ಜಿಗಿತದ ಅಗತ್ಯವೇ ಬೀಳಲಿಲ್ಲ, ಅಲ್ವಾ? ಈ ತುಣುಕನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿದೆನೋ ಲೆಕ್ಕ ಇಲ್ಲ.

ಇನ್ನು ಡಿಫೆನ್ಸ್. ನಿಲ್ಲುವ ಜಾಗ ಸರಿ, ಜೊತೆಯವರಿಗೆ ಕೈ ತೋರಿಸಿ ಕೂಗಿ ಹೇಳುತ್ತಾನೆ. ಆದರೆ ಉದ್ದನೆಯ ಗಾರ್ಡ್ ಎದುರು ಸಿಕ್ಕರೆ ಬ್ರನ್ಸನ್ ತಲೆ ಮೇಲಿಂದಲೇ ಚೆಂಡನ್ನು ಬುಟ್ಟಿಗೆ ಹೊಡೆದುಬಿಡುತ್ತಾನೆ. ಎನ್‌ಬಿಎಯಲ್ಲಿ ಎದುರಾಳಿಗಳು ಸ್ಕ್ರೀನ್ (ಡಿಫೆಂಡರ್‌ಗೆ ಮೈ ಅಡ್ಡ ಕೊಟ್ಟು ತಡೆಯುವುದು) ಹಾಕಿ ಹಾಕಿ ಅವನನ್ನೇ ಹುಡುಕಿಕೊಂಡು ಬರುತ್ತಾರೆ ಅನ್ನುವುದು ಖಚಿತವಾಗಿತ್ತು. ಇದಕ್ಕೆ ತರಬೇತಿಯಲ್ಲಿ ಮದ್ದಿಲ್ಲ.

ವರದಿಯಲ್ಲಿ ಬಲಗಳಿಗೆ ಒಂದು ಪುಟ, ಕೊರತೆಗಳಿಗೆ ಇನ್ನೊಂದು ಪುಟ. ಕೊರತೆಯ ಪುಟದಲ್ಲಿ ಮೊದಲು ಎತ್ತರ, ಆಮೇಲೆ ಜಿಗಿತ, ಆಮೇಲೆ ಡಿಫೆನ್ಸ್. ಕೊನೆಯಲ್ಲಿ 'ಒಳ್ಳೆಯ ಎರಡನೇ ಪಾಯಿಂಟ್ ಗಾರ್ಡ್ ಆಗಬಲ್ಲ, ಮೊದಲ ಸುತ್ತಿನ ಕೊನೆಗೆ ಯೋಗ್ಯ' ಎಂದು ಬರೆದು ಕಳಿಸಿದೆ. ಪಾಯಿಂಟ್ ಗಾರ್ಡ್ ಅಂದರೆ ತಂಡದ ಆಟ ನಡೆಸುವವನು; ಎರಡನೆಯವನು ಅಂದರೆ ಅವನ ಬದಲಿ. ಡ್ರಾಫ್ಟ್ ದಿನ ಕಾರ್ಟರ್ 32ನೆಯವನಾಗಿ ಹೋದ, ಬ್ರನ್ಸನ್ 33ನೆಯವನಾಗಿ ಡಲಾಸ್‌ಗೆ ಹೋದ. ನನ್ನ ಅಂದಾಜು ಹತ್ತಿರ ಇದೆ ಅಂತ ಅವತ್ತು ಸಮಾಧಾನಪಟ್ಟೆ.

2022ರ ಏಪ್ರಿಲ್‌ನಲ್ಲಿ ಯೂಟಾ ವಿರುದ್ಧದ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ) ಮ್ಯಾಚ್‌ನಲ್ಲಿ ಅವನು 41 ಪಾಯಿಂಟ್ ಹೊಡೆದ. ಒಂದೇ ಒಂದು ಸಲವೂ ಚೆಂಡು ಕಳೆದುಕೊಳ್ಳಲಿಲ್ಲ. ಆಮೇಲೆ ನ್ಯೂಯಾರ್ಕ್ ತಂಡಕ್ಕೆ ಹೋಗಿ ಆಲ್‌ಸ್ಟಾರ್ ಆದ, ಅಂದರೆ ಲೀಗಿನ ಅತ್ಯುತ್ತಮರ ಪಂದ್ಯಕ್ಕೆ ಆಯ್ಕೆಯಾದ. ನಾನು ಹಳೇ ವರದಿ ತೆಗೆದು ಓದಿದೆ. ನೋಡಿದ್ದರಲ್ಲಿ ತಪ್ಪಿರಲಿಲ್ಲ. ಕಾಲಿನ ಕೆಲಸ ಬರೆದಿದ್ದೆ, ಎತ್ತರವನ್ನೂ ಬರೆದಿದ್ದೆ. ಆದರೆ ಅವೆರಡೂ ಬೇರೆ ಬೇರೆ ಪುಟದಲ್ಲಿದ್ದವು. ಎತ್ತರ ಇಲ್ಲದ್ದಕ್ಕೇ ಆ ಕಾಲುಗಳನ್ನು ಅವನು ಬೆಳೆಸಿಕೊಂಡಿದ್ದ. ದೊಡ್ಡವರ ನಡುವೆ ಬದುಕುವುದನ್ನು ಇಪ್ಪತ್ತೊಂದಕ್ಕೇ ಕಲಿತಾಗಿತ್ತು. ಬಲ ಅಂತ ಒಂದು ಕಡೆ, ಕೊರತೆ ಅಂತ ಇನ್ನೊಂದು ಕಡೆ ಇಟ್ಟು ಕೂಡಿ ಕಳೆದೆನಲ್ಲ, ಅಲ್ಲೇ ನಾನು ಎಡವಿದ್ದು.

ಈಗ ಎರಡು ಪುಟ ಮಾಡುವುದಿಲ್ಲ. ಒಂದೊಂದು ಕೊರತೆಯ ಪಕ್ಕದಲ್ಲೂ ಒಂದು ಕಾಲಂ ಎಳೆಯುತ್ತೇನೆ: 'ಇದಕ್ಕೆ ಅವನು ಏನು ಮಾಡಿಕೊಂಡಿದ್ದಾನೆ?' ಈ ಸಲ ನೋಡುತ್ತಿರುವ ಹುಡುಗ ಆರಡಿ ಏಳಿಂಚು, ಒಳ್ಳೆ ಜಿಗಿತ. ಆದರೆ ಎಡಗೈಯಲ್ಲಿ ಡ್ರಿಬಲ್ ಬರುವುದಿಲ್ಲ. ಎಡಕ್ಕೆ ತಳ್ಳಿದರೆ ನಿಂತು ಪಾಸ್ ಕೊಟ್ಟುಬಿಡುತ್ತಾನೆ. ನಾಲ್ಕು ಮ್ಯಾಚ್ ನೋಡಿದ್ದೇನೆ, ಆ ಕಾಲಂ ಇನ್ನೂ ಖಾಲಿ ಇದೆ. ಇನ್ನೆರಡು ಮ್ಯಾಚ್ ಬಾಕಿ ಇವೆ.